ಶಂಕ್ರವ್ವ ತೊಳೆದ ನಳಿ

ಮಗಳನ್ನು ಸುಳ್ಳುಬುರುಕಿ ಎಂದರಂತೆ. ಅದೂ ಮೂಲೆಗೆ ಕರೆದು ಮೆಲ್ಲಗೆ ಅಂದದ್ದಲ್ಲ. ನಲವತ್ತು ಹುಡುಗ ಹುಡುಗಿಯರು, ಆರು ಮಂದಿ ಮಾಸ್ತರರು, ಹೊರಗಿನಿಂದ ಬಂದ ದೊಡ್ಡ ಪರೀಕ್ಷಕರು, ಇಷ್ಟು ಜನರ ನಡುವೆ ನಿಲ್ಲಿಸಿ ಅಂದದ್ದು. ಗುರುವಾರ ಸಂಜೆ ಕಾಜಲ್ ಗೋಕಾಕದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಇದನ್ನು ಹೇಳಿದಾಗ ಶಂಕ್ರವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಹಿಟ್ಟನ್ನು ಪರಾತಕ್ಕೆ ಒಗೆದು ಎದ್ದು ನಿಂತಳು.

“ಯಾಂವ ಅಂದಾಂವ?”

“ಗುರುರಾಜ ಸರ್, ಯವ್ವಾ. ನಮ್ಮ ಗೈಡ್.”

“ಸುಳ್ಳಬುರಕಿ ಅಂದನ? ನಿನಗ?”

“ಆರು ತಿಂಗಳು ಬರದಿದ್ದೆಲ್ಲಾ ಸುಳ್ಳು, ಮನಸ್ಸಿಗಿ ಬಂದಂಗ ಅಂಕಿ ತುಂಬೇಳ ಅಂದ್ರು. ಶನಿವಾರ ಮಧ್ಯಾಹ್ನದಾಗ ಹಂಗಂತ ನಾನಽ ಬರದು ಸಹಿ ಮಾಡಿ ಕೊಡಬೇಕಂತ.”

ಸಿಟ್ಟು ಬರುವಂಥದೇ ಮಾತು. ಶಂಕ್ರವ್ವನಿಗೆ ಸಿಟ್ಟು ಬರಲು ಇಷ್ಟು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ತಕ್ಕಡಿಯ ಹತ್ತಿರ ಗಿರಾಕಿ ಒಮ್ಮೆ ಮೂಗು ಮುರಿದರೆ ಸಾಕು, ಅವನ ಮೂರು ತಲೆಮಾರನ್ನು ಬಜಾರದಲ್ಲಿ ಹರಾಜಿಗಿಡುವ ಹೆಂಗಸು ಅವಳು. ಆದರೆ ಇವತ್ತಿನದು ಆ ಜಾತಿಯ ಸಿಟ್ಟಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ಮಗಳ ಪಕ್ಕದಲ್ಲಿ ಕುಳಿತಳು.

ಸಂಗತಿ ಏನೆಂದರೆ, ಕಾಜಲ್ ಔಷಧ ವಿಜ್ಞಾನದಲ್ಲಿ ಎಂ.ಫಾರ್ಮ ಓದುತ್ತಿದ್ದಳು, ಕಡೆಯ ವರ್ಷ. ಬೇಲಿಯ ಮೇಲೆ ಹಬ್ಬುವ ದಾಗಡಿ ಬಳ್ಳಿ ಎಲ್ಲರೂ ಕಂಡದ್ದೇ. ಅದರ ಎಲೆ ಕಿವುಚಿದ ನೀರು ಗಟ್ಟಿಯಾಗಿ ಹಸಿರು ಮುದ್ದೆಯಾಗುತ್ತದೆ. ಮೈಗೆ ತಂಪು ಎಂದು ಹಳ್ಳಿಯವರು ತಿನ್ನುತ್ತಾರೆ. ಅದರ ಬೇರಿನಿಂದ ತೆಗೆದ ಆಲ್ಕಲಾಯ್ಡು, ಅಂದರೆ ಕಹಿ ಸಾರ, ಬಿಗಿದ ರಕ್ತನಾಳವನ್ನು ಸಡಿಲಿಸುತ್ತದೆಯೇ ಎಂದು ನೋಡುವುದು ಕಾಜಲ್‌ಳ ಪ್ರಬಂಧದ ವಿಷಯ. ನಾಳ ಸಡಿಲಾದರೆ ರಕ್ತಕ್ಕೆ ದಾರಿ ಅಗಲ, ದಾರಿ ಅಗಲವಾದರೆ ಬಿಪಿ ಇಳಿಯುತ್ತದೆ. ಇದನ್ನು ನೋಡಲು ನಾಳ ಬೇಕು. ಇಲಿಗಳನ್ನು ಬಳಸಲು ಹತ್ತು ಪರವಾನಗಿ ಬೇಕೆಂದು ಕಾಲೇಜಿನವರು ಕೈ ಚೆಲ್ಲಿದಾಗ, ಇದೇ ಗುರುರಾಜ ಸರ್ ನಗುತ್ತ, “ನಿಮ್ಮ ಮನ್ಯಾಗಽ ಸಿಗತೈತೆಲ್ಲ?” ಎಂದಿದ್ದರು.

ಸಿಗುತ್ತಿತ್ತು. ಕಾಜಲ್‌ಳ ಅಪ್ಪ ಸಾತಪ್ಪನದು ಮೂಡಲಗಿಯಲ್ಲಿ ಮಟನ್ ಅಂಗಡಿ. ಹೋತಿನ ಗುಂಡಿಗೆಯಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ಅಂಗಡಿಯಲ್ಲಿ ಬರೀ ನಳಿ ಎನ್ನುತ್ತಿದ್ದರು. ಯಾರೂ ಕೊಳ್ಳದ ಅದನ್ನು ನಾಯಿಗೆ ಒಗೆಯುತ್ತಿದ್ದರು. ಆರು ತಿಂಗಳು ಕಾಜಲ್ ಬೆಳಗ್ಗೆ ಬೇಗ ಎದ್ದು, ಅಪ್ಪ ಹೋತ ಕೊಯ್ದ ಕೂಡಲೇ ಆ ನಳಿಯನ್ನು ತಾನೇ ಬಿಡಿಸಿ, ಕಾಲೇಜಿನಿಂದ ತಂದ ಉಪ್ಪುನೀರಿನ ಡಬ್ಬಿಯಲ್ಲಿ ಹಾಕಿ, ಸುತ್ತ ಬರ್ಫ ಇಟ್ಟು, ಮೊದಲ ಬಸ್ಸಿಗೆ ಓಡುತ್ತಿದ್ದಳು. ಲ್ಯಾಬಿನಲ್ಲಿ ಅದನ್ನು ಉಂಗುರದಂತೆ ಸಣ್ಣ ಸಣ್ಣ ಬಳೆಯಾಗಿ ಕತ್ತರಿಸಿ, ಬೆಚ್ಚನೆಯ ಉಪ್ಪುನೀರಿರುವ ಗಾಜಿನ ಕೊಳವೆಯಲ್ಲಿ ಎರಡು ಕೊಕ್ಕೆಗಳ ನಡುವೆ ತೂಗುಹಾಕುತ್ತಿದ್ದಳು. ಒಂದು ಔಷಧ ಹಾಕಿದರೆ ಬಳೆ ಬಿಗಿಯುತ್ತದೆ, ಕಂಪ್ಯೂಟರಿನಲ್ಲಿ ಗೆರೆ ಮೇಲೇರುತ್ತದೆ. ಆಮೇಲೆ ದಾಗಡಿಯ ಸಾರ ನಾಲ್ಕು ಹನಿ. ಬಳೆ ಸಡಿಲಾಗಿ ಗೆರೆ ಇಳಿಯುತ್ತದೆ. ನಲವತ್ತೆರಡು ಸಲ ಇಳಿದಿತ್ತು. ನಲವತ್ತೆರಡು ಸಲವೂ ಗೆಳತಿ ನಾಜಿಯಾ ಪಕ್ಕದಲ್ಲೇ ನಿಂತು ನೋಡಿದ್ದಳು. ಸರ್ ಮಾತ್ರ ಒಮ್ಮೆಯೂ ಹತ್ತಿರ ಬಂದು ನೋಡಿರಲಿಲ್ಲ. ಡಬ್ಬಿ ಹಿಂದಿನ ಬಾಗಿಲಿನಿಂದಲೇ ಒಳಗೆ ಬರಬೇಕೆಂದು ತಾಕೀತು ಮಾಡಿದವರು ಅವರು.

ಗುರುವಾರ ಪರೀಕ್ಷಕರ ಮುಂದೆ ಗೆರೆ ಇಳಿಯಲಿಲ್ಲ.

“ಬಳಿ ಬಿಗಿ ಆತು ಯವ್ವಾ, ಚಲೋ ಬಿಗಿ ಆತು. ಜೀವ ಇತ್ತು ಅದಕ್ಕ. ಸಾರ ಹಾಕಿದ್ಯಾ, ಜಪ್ಪಯ್ಯ ಅಂದ್ರೂ ಸಡ್ಲ ಆಗ್ಲಿಲ್ಲ. ಮೂರು ಬಳಿ ಬದ್ಲಿ ಮಾಡಿದ್ಯಾ. ಇಲ್ಲ. ಮೊದಲ ಸಡ್ಲ ಮಾಡೂ ಗೊತ್ತಿದ್ದ ಔಷಧ ಹಾಕಿ ಬಳಿ ನೆಟ್ಟಗೈತೇನು ನೋಡೂಣು ಸರ್ ಅಂತ ಸುರುವಿಗೇ ಕೇಳಿದ್ದೆ. ಹೊತ್ತಾಗೈತಿ, ಸಾಹೇಬ್ರು ಊಟಕ್ಕ ಹೋಗಬೇಕು ಅಂದ್ರು.”

“ಸಾಮಾನಂತೂ ಕೆಟ್ಟಿರಾಕ ಸಾಧ್ಯ ಇಲ್ಲ ಬಿಡು,” ಎಂದಳು ಶಂಕ್ರವ್ವ. “ದಿನಕ್ಕಿಂತ ಸ್ವಚ್ಛ ಮಾಡಿ ಕಳಿಸೇನಿ.”

ಕಾಜಲ್ ಮೊಣಕಾಲ ನಡುವೆ ಮುಖ ಹುದುಗಿಸಿ ಅಳುತ್ತಿದ್ದಳು. ಆ ಮಾತು ಅವಳ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಸ್ವಚ್ಛ ಮಾಡಿದ್ದು ಹೇಗೆಂಬುದನ್ನು ಹೇಳಬೇಕು. ಬುಧವಾರ ಕಾಜಲ್ ಊರಲ್ಲಿರಲಿಲ್ಲ. ಪರೀಕ್ಷಕರ ಮೇಜಿನ ಮೇಲೆ ಹೂವು ಎಲೆ ಸಮೇತ ಹಸಿ ಬಳ್ಳಿ ಇದ್ದರೆ ಚಂದ ಕಾಣುತ್ತದೆ ಎಂದು ಸರ್ ಹುಕುಂ ಮಾಡಿದ್ದರಿಂದ, ಹುಕ್ಕೇರಿ ಕಡೆಯ ಬೆಲ್ಲದ ಬಾಗೇವಾಡಿಗೆ, ಸೋದರಮಾವನ ಹೊಲದ ಬೇಲಿಗೆ ಹೋಗಿದ್ದಳು. ಅಲ್ಲಿಂದ ನೇರವಾಗಿ ಗೋಕಾಕಕ್ಕೆ ಹೋಗಿ ನಾಜಿಯಾಳ ಮನೆಯಲ್ಲಿ ಉಳಿಯುವುದು, ಗುರುವಾರ ಬೆಳಗಿನ ನಳಿಯನ್ನು ಸಾತಪ್ಪ ಬಸ್ಸಿನಲ್ಲಿ ಕಳಿಸುವುದು ಎಂದು ಮಾತಾಗಿತ್ತು. ಆ ಬುಧವಾರ ಮಧ್ಯಾಹ್ನ ಒಂದು ಬಿಳಿ ಕಾರು ಅಂಗಡಿಯ ಮುಂದೆ ನಿಂತಿತು. ಕಿಟಕಿಯ ಕಾಜು ಗೇಣಗಲ ಇಳಿಯಿತು. ಒಳಗೆ ಮೂಗಿಗೆ ಕರವಸ್ತ್ರ ಹಿಡಿದ ಮುಖ. ಕಾಲೇಜಿನ ಗ್ಯಾದರಿಂಗಿನಲ್ಲಿ ಕಂಡಿದ್ದ ಮುಖ, ಶಂಕ್ರವ್ವನಿಗೆ ಥಟ್ಟನೆ ಗುರುತು ಸಿಕ್ಕಿತು. ಕೈ ಒರೆಸಿಕೊಂಡು, ಸಂಭ್ರಮದಿಂದ, “ಸರ್ ಬರ್ರಿ, ಇಳೀರಿ, ಮನಿ ಇಲ್ಲೇ ಐತಿ, ಚಾ ಕುಡದು ಹೋಗೀರಂತ” ಎಂದು ಓಡಿದಳು.

“ಇಳಿಯಾಂಗಿಲ್ಲ. ನೋಡವಾ, ನಾಳೆ ದೊಡ್ಡವರು ಬರ್ತಾರ. ಆ ನಿಮ್ಮ ಡಬ್ಬಿ ತೆಗದ್ರ ರಕ್ತ, ವಾಸನಿ. ನಮ್ಮ ಮಾನ ಹೋಗತೈತಿ. ಆ ನಳಿ ಒಳಗ ಹೊರಗ ತಿಕ್ಕಿ ತೊಳದು ಕಳಸು. ನೀವು ಮಂದಿ ಸ್ವಚ್ಛ ಅಂದ್ರ ಏನಂತ ಒಂದ್ಸಲ ಕಲೀರಿ.”

ಕಾಜು ಮೇಲೇರಿತು. ಕಾರು ಹೋಯಿತು.

ಶಂಕ್ರವ್ವನ ಮೈ ಉರಿದು ಹೋಯಿತು. ಸ್ವಚ್ಛ ಅಂದರೆ ಏನೆಂದು ಕಲಿಯಬೇಕಂತೆ! ಮೂಡಲಗಿಯಲ್ಲಿ ಬೋಟಿ ತೊಳೆಯುವುದರಲ್ಲಿ ಅವಳದು ಎತ್ತಿದ ಕೈ. ಹೋತಿನ ಕರುಳನ್ನು ಒಳಹೊರಗು ಮಾಡಿ, ಉಪ್ಪು ಹಾಕಿ ತಿಕ್ಕಿ, ಏಳು ನೀರು ಬದಲಿಸಿ ತೊಳೆದರೆ ಮೂಗಿನ ತುದಿಗೆ ಹಿಡಿದರೂ ವಾಸನೆ ಬಾರದು. ಲಗ್ನ ಮುಗಿದ ಮೇಲಿನ ಬೀಗರ ಊಟಕ್ಕೆ ಬೋಟಿ ಬೇಕೆಂದರೆ ಯಮಕನಮರಡಿಯಿಂದ ಕೂಡ ಗಿರಾಕಿ ಬಂದು, “ಶಂಕ್ರಕ್ಕನ ಕೈಲೆ ತೊಳದದ್ದಽ ಬೇಕ್ರಿ” ಎನ್ನುತ್ತಿದ್ದರು. ಮರುದಿನ ಬೆಳಗ್ಗೆ ಅವಳು ಸಾತಪ್ಪನ ಕೈಯಿಂದ ನಳಿಯನ್ನು ಕಸಿದುಕೊಂಡಳು. ಬಿಸಿನೀರು ತಾಗಬಾರದೆಂದು ಮಗಳು ಹೇಳಿದ್ದು ನೆನಪಿತ್ತು, ಅದಕ್ಕೇ ತಣ್ಣನೆಯ ಉಪ್ಪುನೀರಿನಲ್ಲೇ ತೊಳೆದಳು. ಕಸಬರಿಗೆಯ ಕಡ್ಡಿಗೆ ಮೆತ್ತನೆಯ ಅರಿವೆ ಸುತ್ತಿ, ನಳಿಯ ಒಳಗೆ ತೂರಿಸಿ, ಆ ಕಡೆ ಈ ಕಡೆ ಎಳೆದು ಎಳೆದು ತಿಕ್ಕಿದಳು. ಬೆಳಕಿಗೆ ಹಿಡಿದರೆ ಒಳಗೆ ರಕ್ತದ ಒಂದು ಕಲೆ ಇಲ್ಲ. ಈಗ ಮೂಸಿ ನೋಡಲಿ, ಎಂದುಕೊಂಡು ಡಬ್ಬಿಯ ಮುಚ್ಚಳ ಹಾಕಿದಳು.

ಅಷ್ಟು ಮಾಡಿ ಕಳಿಸಿದರೂ ಮಗಳಿಗೆ ಸಿಕ್ಕದ್ದು ಸುಳ್ಳುಬುರುಕಿ ಎಂಬ ಹೆಸರು. ಅಂಥ ಕಾಗದ ಒಮ್ಮೆ ಫೈಲಿಗೆ ಸೇರಿದರೆ ಮುಂದೆ ಯಾವ ಲ್ಯಾಬಿನವರೂ ಈ ಹುಡುಗಿಗೆ ಬಾಗಿಲು ತೆರೆಯರು. ಅಷ್ಟು ತಿಳಿಯಲು ಶಂಕ್ರವ್ವನಿಗೆ ನಾಲ್ಕನೆಯ ಇಯತ್ತೆಯ ಓದು ಸಾಕಾಗಿತ್ತು.

“ನಾಳೆ ನಾನೂ ಬರ್ತೇನಿ,” ಎಂದಳು.

ಸಾತಪ್ಪ ಗಾಬರಿಯಾದ. ಹೆಂಡತಿಯ ಬಾಯಿಯ ಅಳತೆ ಅವನಿಗೆ ಗೊತ್ತಿತ್ತು. “ಕಲಿತವರ ಜೋಡಿ ಜಗಳಾ ತಗದ್ರ ಹೆಂಗ? ಹುಡುಗಿ ಪಾಸ್ ಆಗೂದ ಬ್ಯಾಡೇನು?”

“ಜಗಳಾ ತಗಿಯಾಕಲ್ರಿ. ನೋಡಾಕ. ನನ್ನ ಮುಂದ ಅಕಿ ಮಾಡಿ ತೋರಸ್ಲಿ, ನನ್ನ ಕಣ್ಣಿಲೆ ನೋಡ್ತೇನಿ. ಆಮ್ಯಾಲ ಸುಳ್ಳ ಯಾರದು ಅಂತ ಕೇಳ್ತೇನಿ. ನೀವು ಅಂಗಡಿ ನೋಡ್ಕೋರಿ.”

ಶುಕ್ರವಾರ ಬೆಳಗ್ಗೆ ಕಾಜಲ್ ತಾನೇ ಎರಡು ನಳಿ ಬಿಡಿಸಿ ಡಬ್ಬಿಗೆ ಹಾಕಿಕೊಂಡಳು. ಗೋಕಾಕದ ಕಾಲೇಜು ಮುಟ್ಟಿದಾಗ ಒಂಬತ್ತೂವರೆ. ಅಭ್ಯಾಸಬಲದಿಂದ ಹಿಂದಿನ ಬಾಗಿಲಿನತ್ತ ತಿರುಗಿದ ಮಗಳ ಕೈ ಹಿಡಿದು ಶಂಕ್ರವ್ವ ಮುಂದಿನ ಬಾಗಿಲಿನಿಂದಲೇ ನಡೆಸಿದಳು. ಡಬ್ಬಿ ಅವಳ ಕೈಯಲ್ಲಿತ್ತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ, ಯಾರಿಗೂ ವಾಸನೆಯೂ ಬರಲಿಲ್ಲ. ಲ್ಯಾಬಿನಲ್ಲಿ ನಾಜಿಯಾ ನೀರು ಬೆಚ್ಚಗೆ ಮಾಡಿ, ಕೊಳವೆಯಲ್ಲಿ ಗಾಳಿಯ ಗುಳ್ಳೆ ಬಿಟ್ಟು, ಎಲ್ಲ ಸಿದ್ಧ ಮಾಡಿ ಕಾದಿದ್ದಳು. ಸರ್ ಬರುವುದು ಹನ್ನೊಂದಕ್ಕೆ.

ಕಾಜಲ್ ಒಂದು ನಳಿಯನ್ನು ಗಾಜಿನ ತಟ್ಟೆಯಲ್ಲಿಟ್ಟು, ಹೊರಗಿನ ಕೊಬ್ಬನ್ನಷ್ಟೇ ಸಣ್ಣ ಕತ್ತರಿಯಿಂದ ಬಿಡಿಸತೊಡಗಿದಳು. ಅದನ್ನು ಹಿಡಿಯುವ ಬಗೆ ನೋಡಿ ಶಂಕ್ರವ್ವನಿಗೆ ಬೇಸರವಾಯಿತು. ಹಸುಗೂಸನ್ನು ಮುಟ್ಟಿದ ಹಾಗೆ ಮುಟ್ಟಿದರೆ ಇವತ್ತು ಮುಗಿದೀತೇ? ಸಹಾಯ ಮಾಡೋಣವೆಂದು ಇನ್ನೊಂದು ನಳಿಯನ್ನು ಕೈಗೆತ್ತಿಕೊಂಡಳು. ಮೂಲೆಯ ಕಸಬರಿಗೆಯಿಂದ ಕಡ್ಡಿ ಮುರಿದು, ಮೇಜಿನ ಮೇಲಿದ್ದ ಹತ್ತಿ ಸುತ್ತಿ, ಒಳಗೆ ತೂರಿಸಿ ಜಗ್ಗಿದಳು.

“ಯವ್ವಾ! ಏನ್ ಮಾಡಾಕತ್ತಿ?”

“ಒಳಗ ತಿಕ್ಕಾಕತ್ತೇನಿ. ನಿನ್ನೆ ಹಿಂಗಽ ತಿಕ್ಕಿ ಕಳಿಸಿದ್ನೆಲ್ಲ.”

ಕಾಜಲ್‌ಳ ಕತ್ತರಿ ತಟ್ಟೆಯಲ್ಲಿ ಬಿತ್ತು. ಅವಳು ನಾಜಿಯಾಳ ಮುಖ ನೋಡಿದಳು, ನಾಜಿಯಾ ಅವಳ ಮುಖ ನೋಡಿದಳು.

“ನಿನ್ನೆ? ನಿನ್ನೆ ಒಳಗ ತಿಕ್ಕಿದ್ದೇನ ಯವ್ವಾ?”

“ಮತ್ತ? ಏಳೆಂಟು ಸಲ ತಿಕ್ಕೇನಿ. ಯಾಕ, ಏನಾತು?”

ಕಾಜಲ್ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಹೇಳಿದ್ದು ನಾಜಿಯಾ.

“ಕಾಕೂ, ನಳಿ ಒಳಗ ಒಂದು ಪದರ ಇರತೈತ್ರಿ. ಹಾಲಿನ ಮ್ಯಾಲಿನ ಕೆನಿಗಿಂತಾ ತೆಳುವು, ಕಣ್ಣಿಗಿ ಕಾಣಂಗಿಲ್ಲ. ಬಳ್ಳಿ ಸಾರ ಬಂದು ಮೊದಲ ಅದನ್ನ ಮುಟ್ಟತೈತಿ. ಆವಾಗ ಆ ಪದರ ಒಂದು ಗಾಳಿ ಹುಟ್ಟಸತೈತಿ, ಕಣ್ಣಿಗಿ ಕಾಣದ ಗಾಳಿ. ಆ ಗಾಳಿ ಹೋಗಿ ಹೊರಗಿನ ಸ್ನಾಯುಗೆ, ಬಿಗಿ ಸಾಕು, ಸಡ್ಲ ಬಿಡು ಅಂತ ಹೇಳತೈತಿ. ಬಳ್ಳಿ ತಾನಽ ಸಡ್ಲ ಮಾಡೂದಲ್ರಿ, ಪದರದ ಕೈಲೆ ಹೇಳಿ ಕಳಸತೈತಿ. ಹಿಂಗಿರಬೇಕಂತ ನಮಗ ಅನಮಾನಿತ್ತು, ಗುರ್ತಾಗಿರ್ಲಿಲ್ಲ. ನೀವು ಅದನ್ನ ತಿಕ್ಕಿ ತಗದ್ರ...”

“ಹೇಳೋರು ಯಾರೂ ಉಳೀಲಿಲ್ಲ,” ಎಂದಳು ಶಂಕ್ರವ್ವ.

ಕೈಯಲ್ಲಿದ್ದ ಕಡ್ಡಿಯನ್ನೂ ನಳಿಯನ್ನೂ ನೋಡಿದಳು. ಈ ಕೈಯೇ ಮಗಳ ಆರು ತಿಂಗಳನ್ನು ಒರೆಸಿ ಹಾಕಿತ್ತು. ಕಾಣದ ಪದರವನ್ನು ಕೊಳೆ ಎಂದು ತಿಕ್ಕಿ, ಮೇಲೆ ಹೆಮ್ಮೆ ಬೇರೆ ಪಟ್ಟುಕೊಂಡಿದ್ದಳು. “ನಾನಽ ಕೆಡಿಸಿದ್ನೇನ ತಂಗಿ,” ಎಂದಳು, ಅಳು ಬಂತು. ಕಾಜಲ್ ಎದ್ದು ಬಂದು ಅವಳ ಭುಜ ಹಿಡಿದಳು.

“ನೀ ಎಂದೂ ನಳಿ ಮುಟ್ಟಿದಾಕಿ ಅಲ್ಲ. ನಿನಗ ತಿಕ್ಕು ಅಂದವ್ರ್ಯಾರು?”

ಆಗ ಅಳು ನಿಂತಿತು. ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಬಿಳಿ ಕಾರು, ಗೇಣಗಲ ಇಳಿದ ಕಾಜು, ಕರವಸ್ತ್ರ, ನೀವು ಮಂದಿ, ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ತಪ್ಪು ತನ್ನ ಕೈಯದು, ನಿಜ. ಆದರೆ ಆ ಕೈಗೆ ಅಪ್ಪಣೆ ಕೊಟ್ಟ ಬಾಯಿ ಯಾವುದು? ನಳಿಯ ಒಳಗೇನಿದೆ ಎಂದು ಅವಳಿಗೆ ತಿಳಿಯದು, ಅವಳು ಬೋಟಿ ತೊಳೆಯುವವಳು. ಅದನ್ನೇ ಕಲಿಸಿ ಪಗಾರ ತಿನ್ನುವವನಿಗೆ ತಿಳಿಯಬೇಡವೇ? ಒಳಗೆ ಹೊರಗೆ ತಿಕ್ಕು ಎಂದು ತಾನೇ ಹೇಳಿ, ಮರುದಿನ ಗೆರೆ ಇಳಿಯದಿದ್ದಾಗ ಒಂದು ಕ್ಷಣ ಯೋಚಿಸದೆ ಇಪ್ಪತ್ಮೂರು ವರ್ಷದ ಹುಡುಗಿಗೆ ಸುಳ್ಳುಬುರುಕಿ ಎಂದನಲ್ಲ! ಅವನಿಗೆ ಆ ನಳಿಗಿಂತ ತನ್ನ ಮೂಗು ದೊಡ್ಡದಾಗಿತ್ತು. ಈ ಮಾತನ್ನೆಲ್ಲ ಅವಳು ಮನಸ್ಸಿನಲ್ಲಿ ಅಂದುಕೊಳ್ಳಲಿಲ್ಲ, ಗಟ್ಟಿಯಾಗಿಯೇ ಅಂದಳು. ಕಾರಿಡಾರಿನಲ್ಲಿ ಹೋಗುತ್ತಿದ್ದ ಪ್ರಿನ್ಸಿಪಾಲ್ ನಂದಾ ಮೇಡಮ್ ಬಾಗಿಲಲ್ಲಿ ನಿಂತರು.

“ಏನ್ರಿ ಇದು ಗದ್ಲಾ? ಯಾರ್ರಿ ನೀವು?”

“ಕಾಜಲ್‌ನ ತಾಯಿ ಅದೇನ್ರಿ. ಮೂಡಲಗಿಯಾಕಿ.”

ಮೇಡಮ್ ಗುರುವಾರ ಆ ಸಭೆಯಲ್ಲಿದ್ದವರು. ಕಾಜಲ್ ಹೇಳಿದ್ದನ್ನು ನಿಂತೇ ಕೇಳಿದರು. ಅಷ್ಟರಲ್ಲಿ ಗುರುರಾಜ ಸರ್ ಬಂದರು, ಕೈಯಲ್ಲಿ ಬ್ಯಾಗು, ಮುಖದಲ್ಲಿ ಅವಸರ. ಶಂಕ್ರವ್ವನನ್ನು ಕಂಡು ಹುಬ್ಬು ಗಂಟಿಕ್ಕಿದರು.

“ಸರ್, ಬುಧವಾರ ನೀವು ಇವರ ಅಂಗಡಿಗೆ ಹೋಗಿ, ಒಳಗ ತಿಕ್ಕಿ ತೊಳೀರಿ ಅಂತ ಹೇಳಿದ್ರೇನು?” ಎಂದು ಮೇಡಮ್ ಕೇಳಿದರು.

“ನಾನಾ?” ಸರ್ ನಕ್ಕರು. “ಮೂಡಲಗಿಗೆ ನಾನ್ಯಾಕ ಹೋಗ್ಲಿ ಮೇಡಮ್? ಇವರ ಅಂಗಡಿ ಎಲ್ಲೈತಿ ಅನ್ನೂದಽ ನನಗ ಗೊತ್ತಿಲ್ಲ. ಮಗಳ ತಪ್ಪು ಮುಚ್ಚಾಕ ತಾಯಿ ಕತಿ ಕಟ್ಕೊಂಡು ಬಂದಾಳ.”

ಎಷ್ಟು ಸಲೀಸಾಗಿ ಅಂದರು! ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ. ಶಂಕ್ರವ್ವನಿಗೆ ಕೈಯಲ್ಲಿದ್ದ ಕಡ್ಡಿಯನ್ನು ಅವರ ಮುಖಕ್ಕೆ ಒಗೆಯಬೇಕೆನಿಸಿತು. ಜಗಳ ಬೇಡವೆಂದು ಸಾತಪ್ಪ ಬೆಳಗ್ಗೆ ಮುಗಿದ ಕೈ ನೆನಪಾಗಿ ಹಲ್ಲು ಕಚ್ಚಿ ಸುಮ್ಮನಾದಳು.

“ಕತಿಯೋ ಖರೆಯೋ ನೋಡೂಣಂತ,” ಎಂದರು ಮೇಡಮ್. “ಕಾಜಲ್, ಒಂದು ಹಂಗಽ ಹಾಕು, ಒಂದು ತಿಕ್ಕಿದ್ದು ಹಾಕು. ನಾ ಇಲ್ಲೇ ಕುಂದರ್ತೇನಿ.”

ಒಂದು ಕೊಳವೆಯಲ್ಲಿ ಕಾಜಲ್ ಬಿಡಿಸಿದ ನಳಿಯ ಬಳೆ, ಇನ್ನೊಂದರಲ್ಲಿ ಶಂಕ್ರವ್ವ ತಿಕ್ಕಿದ ನಳಿಯ ಬಳೆ. ಬಳೆಗಳು ನೀರಿಗೆ ಹೊಂದಿಕೊಳ್ಳಲು ಒಂದು ತಾಸು ಬೇಕಾಯಿತು. ಮೇಡಮ್ ಕುಳಿತೇ ಇದ್ದರು. ಸರ್ ಎರಡು ಸಲ ಗಡಿಯಾರ ನೋಡಿ, ಫೋನು ಬಂತೆಂದು ಹೊರಗೆ ಹೋಗಿ ಬಂದರು. ಕಾಜಲ್ ಬಿಗಿಯುವ ಔಷಧ ಹಾಕಿದಳು. ಎರಡೂ ಗೆರೆ ಮೇಲೇರಿದವು. ಆಮೇಲೆ ದಾಗಡಿಯ ಸಾರ, ಎರಡಕ್ಕೂ ಒಂದೇ ಅಳತೆ. ಶಂಕ್ರವ್ವ ಎರಡೂ ಗೆರೆಗಳನ್ನು ನೋಡುತ್ತ ನಿಂತಳು. ಮುಟ್ಟದ ಬಳೆಯ ಗೆರೆ ಬಾಗಿತು, ನಿಧಾನವಾಗಿ ಇಳಿಯುತ್ತ ಹೋಯಿತು, ಹೊರಟ ಜಾಗದ ಹತ್ತಿರಕ್ಕೆ ಬಂದು ನಿಂತಿತು. ತಿಕ್ಕಿದ ಬಳೆಯ ಗೆರೆ ಏರಿದಲ್ಲೇ ಇತ್ತು. ಗುರುವಾರದ ಮೂರು ಬಳೆಗಳ ಗೆರೆಗಳನ್ನು ನಾಜಿಯಾ ಪಕ್ಕದಲ್ಲಿ ತೆಗೆದಿಟ್ಟಳು. ಅವೂ ಹಾಗೇ ಇದ್ದವು.

“ಯವ್ವಾ, ಇಳೀತು,” ಎಂದಳು ಕಾಜಲ್.

ಮೇಡಮ್ ಎದ್ದು ಪರದೆಯ ಹತ್ತಿರ ಬಗ್ಗಿದರು. “ಇದೇನ್ ಸಣ್ಣ ಮಾತಲ್ಲ ಕಾಜಲ್. ಇಷ್ಟ ದಿವಸ ಸಡ್ಲ ಆಗತೈತಿ ಅಂತಷ್ಟಽ ಹೇಳ್ತಿದ್ದಿ. ಈಗ ಯಾವ ದಾರಿಲೆ ಆಗತೈತಿ ಅಂತ ಹೇಳಬಹುದು. ಇನ್ನೂ ನಾಲ್ಕಾರು ಸಲ ಮಾಡು. ಹಿಂಗಽ ಬಂತಂದ್ರ ನಿನ್ನ ಪ್ರಬಂಧದಾಗ ಇದಽ ಮುಖ್ಯ ಅಧ್ಯಾಯ ಆಗತೈತಿ. ದೊಡ್ಡ ಪತ್ರಿಕೆಯವ್ರೂ ಹಾಕ್ತಾರ.”

ದೊಡ್ಡ ಪತ್ರಿಕೆ ಎಂಬ ಮಾತು ಬಿದ್ದದ್ದೇ ತಡ, ಗುರುರಾಜ ಸರ್ ಬ್ಯಾಗು ಕೆಳಗಿಟ್ಟರು. ಆರು ತಿಂಗಳಲ್ಲಿ ಮೊದಲ ಸಲ ಆ ಗಾಜಿನ ಕೊಳವೆಯ ಹತ್ತಿರಕ್ಕೆ ಬಂದರು. ಗಂಟಲು ಸರಿಮಾಡಿಕೊಂಡರು.

“ಅದಽ ಮೇಡಮ್, ನನ್ನ ಮನಸ್ಸಿನ್ಯಾಗ ಇದು ಮೊದಲಿಂದ ಇತ್ತು. ಒಳಪದರ ತಗದು ನೋಡಬೇಕು ಅಂತ. ಒಂದು ಸಲ ತಿಕ್ಕಿದ ಸ್ಯಾಂಪಲ್ ತರಸೂಣು ಅಂತಽ ನಾನು ಇವರಿಗೆ ಹೇಳಿದ್ದು.”

ತಾವು ಏನು ಅಂದೆವೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ. ಶಂಕ್ರವ್ವನಿಗೆ ತಿಳಿದಿತ್ತು. ಅವಳು ಎರಡು ಹೆಜ್ಜೆ ಮುಂದೆ ಬಂದು, ಬಜಾರದಲ್ಲಿ ಎಂದೂ ಆಡದಷ್ಟು ಮೆಲ್ಲಗೆ ಕೇಳಿದಳು.

“ಯಾರಿಗೆ ಹೇಳಿದ್ರಿ ಸರ್?”

“ನಿಮಗಽ. ಬುಧವಾರ...”

“ಅಂಗಡಿ ಎಲ್ಲೈತಿ ಗೊತ್ತಿಲ್ಲ ಅಂದ್ರಿ ಈಗಷ್ಟ.”

ಸರ್ ಕೆಳಗಿಟ್ಟ ಬ್ಯಾಗನ್ನು ಮತ್ತೆ ಕೈಗೆತ್ತಿಕೊಂಡರು.

“ಇರ್ಲಿ. ನೀವು ಹೇಳಿದ್ರಿ. ತಿಕ್ಕಿದ್ದು ನಿಮಗ ಗೊತ್ತಿತ್ತು. ತಿಕ್ಕಿದ್ರ ಸಡ್ಲ ಆಗಂಗಿಲ್ಲ ಅನ್ನೂದೂ ಮೊದಲಿಂದ ಮನಸ್ಸಿನ್ಯಾಗಿತ್ತು. ಮತ್ತ ಗುರುವಾರ ಅಷ್ಟು ಮಂದಿ ಮುಂದ ನನ್ನ ಮಗಳಿಗೆ ಸುಳ್ಳಬುರಕಿ ಅಂದದ್ದ್ಯಾಕ್ರಿ? ಎಲ್ಲಾ ಗೊತ್ತಿದ್ದೂ ಅಂದ್ರೇನು? ಇಲ್ಲಾ ಏನೂ ಗೊತ್ತಿಲ್ಲದ ಅಂದ್ರೇನು? ಎರಡರಾಗ ಯಾವುದು ಅಂತ ಹೇಳ್ರಿ. ನಾ ಕಲಿತಾಕಿ ಅಲ್ಲ, ನೀವು ಹೇಳಿದಂಗ ಕೇಳ್ತೇನಿ.”

ಸರ್ ಮೇಡಮ್ ಕಡೆ ನೋಡಿದರು. ಮೇಡಮ್ ಕಿಟಕಿಯ ಕಡೆ ನೋಡಿದರು. ಆಮೇಲೆ ಸರ್ ಬ್ಯಾಗಿನಿಂದ ಒಂದು ಕಾಗದ ತೆಗೆದರು. ಕಾಜಲ್ ಸಹಿ ಮಾಡಬೇಕಾಗಿದ್ದ ತಪ್ಪೊಪ್ಪಿಗೆ. ಅದನ್ನು ಎರಡು ತುಂಡು ಮಾಡಿ, ನಾಲ್ಕು ಮಾಡಿ, ಕಸದ ಡಬ್ಬಿಗೆ ಹಾಕಿ, ದೊಡ್ಡ ಉಪಕಾರ ಮಾಡಿದವರ ಹಾಗೆ ನಕ್ಕರು.

“ಮುಗೀತಲ್ಲ? ಹರದೆ. ಕಾಜಲ್ ಹುಷಾರ ಹುಡುಗಿ, ಪೇಪರ್‌ನ್ಯಾಗ ಅಕಿ ಹೆಸರೂ ಹಾಕ್ತೇನಿ. ಬೇಕಂದ್ರ ನಿಮಗೂ ಒಂದು ಧನ್ಯವಾದ ಬರೀತೇನಿ.”

ಅಕಿ ಹೆಸರೂ! ಬೇಲಿ ಬೇಲಿ ಅಲೆದವಳು ಅವಳು, ಕತ್ತಲಲ್ಲೆದ್ದು ನಳಿ ಬಿಡಿಸಿದವಳು ಅವಳು, ಈಗ ಅವಳ ಹೆಸರೂ ಹಾಕುತ್ತಾರಂತೆ. “ನನ್ನ ಹೆಸರು ಬ್ಯಾಡ,” ಎಂದಳು ಶಂಕ್ರವ್ವ. “ಮಂದಿ ಮುಂದ ಅಂದ ಮಾತು, ಕ್ವಾಣ್ಯಾಗ ಕಾಗದ ಹರದ್ರ ಹೋಗತೈತೇನ್ರಿ? ಎಲ್ಲಿ ಅಂದ್ರಿ ಅಲ್ಲೇ ನಿಂತು, ಯಾರ ಮುಂದ ಅಂದ್ರಿ ಅವರ ಮುಂದಽ ತಿರುಗಿ ತಗೋರಿ. ಅಲ್ಲೀತನಕಾ ನಾ ಇಲ್ಲಿಂದ ಏಳಂಗಿಲ್ಲ.” ಅಷ್ಟು ಹೇಳಿ ಕಾಜಲ್ ಬಿಟ್ಟ ಸ್ಟೂಲಿನ ಮೇಲೆ ಕುಳಿತೇಬಿಟ್ಟಳು.

“ಅದೆಲ್ಲಾ ಯಾಕವಾ ಈಗ...” ಎಂದು ಸರ್ ರಾಗ ಎಳೆದರು. ಕಾಜಲ್ ಬಾಯಿ ತೆಗೆದಳು, ಎರಡು ದಿನದಲ್ಲಿ ಮೊದಲ ಸಲ ಅವರ ಮುಖ ನೋಡಿ. “ಯಾಕಂದ್ರ ನಾ ಸುಳ್ಳು ಬರದಿಲ್ಲ ಸರ್. ಅಷ್ಟಽ.”

ನಂದಾ ಮೇಡಮ್ ಕಿಟಕಿಯಿಂದ ತಿರುಗಿದರು. ಗುರುವಾರ ತಾವೂ ಆ ಸಭೆಯಲ್ಲಿ ತುಟಿ ಪಿಟ್ಟೆನ್ನದೆ ಕುಳಿತಿದ್ದು ಅವರಿಗೂ ಚುಚ್ಚಿರಬೇಕು. ಚುಚ್ಚಲಿ. “ಎರಡು ಗಂಟೆಗೆ ಎಲ್ಲಾರನ್ನೂ ಅದಽ ಹಾಲ್‌ಗೆ ಕರಸ್ತೇನಿ,” ಎಂದರು. “ಪರೀಕ್ಷಕರಿಗೂ ಫೋನ್ ಹಚ್ಚಿ ಇಡ್ತೇನಿ. ಸರ್, ನೀವು ಬರಬೇಕು.”

ಎರಡು ಗಂಟೆಗೆ ಹಾಲ್ ತುಂಬಿತು. ಗುರುವಾರ ಬಂದವರಷ್ಟೇ ಅಲ್ಲ, ಬಾರದವರೂ ಬಂದಿದ್ದರು. ಇಂಥ ಸುದ್ದಿಗೆ ಕಾಲೇಜಿನಲ್ಲಿ ನೋಟೀಸು ಬೇಕಿಲ್ಲ. ಶಂಕ್ರವ್ವನಿಗೆ ಮುಂದೆ ಕುರ್ಚಿ ಹಾಕಿದರು. ಅವಳು ಒಲ್ಲೆನೆಂದು ಹಿಂದಿನ ಬೆಂಚಿನಲ್ಲಿ ಕಾಲು ಮಡಚಿ ಕುಳಿತಳು, ಅಲ್ಲಿಂದ ಎಲ್ಲರ ತಲೆಗಳೂ ಕಾಣುತ್ತಿದ್ದವು. ಸರ್ ವೇದಿಕೆಗೆ ಬಂದು, ಮೈಕು ಬೇಡವೆಂದು ಸರಿಸಿ, ನೆಲ ನೋಡುತ್ತ ಹೇಳಿದರು.

“ಗುರುವಾರದ ಪ್ರಯೋಗದಲ್ಲಿ ಒಂದು ತಾಂತ್ರಿಕ ತೊಂದರೆಯಿಂದಾಗಿ ಸ್ವಲ್ಪ ತಪ್ಪು ತಿಳಿವಳಿಕೆ ಉಂಟಾಗಿತ್ತು...”

“ಅದಲ್ರಿ ಸರ್.” ಹಿಂದಿನ ಬೆಂಚಿನಿಂದ ದನಿ ಬಂತು. ಎಲ್ಲ ತಲೆಗಳೂ ಹಿಂದೆ ತಿರುಗಿದವು. “ಗುರುವಾರ ನೀವು ಈ ಶಬ್ದ ಅಂದಿರ್ಲಿಲ್ಲ. ಆವತ್ತ ತಿಳಿಯೂಹಂಗ ಅಂದಿದ್ರಿ. ಇವತ್ತೂ ತಿಳಿಯೂಹಂಗಽ ಅನ್ರಿ.”

ಯಾರೋ ನಕ್ಕು ತಟ್ಟನೆ ನಿಲ್ಲಿಸಿದರು. ಸರ್ ಮೇಡಮ್ ಕಡೆ ನೋಡಿದರು. ಮೇಡಮ್ ಮೈಕನ್ನು ಮತ್ತೆ ಅವರ ಮುಂದಕ್ಕೆ ಸರಿಸಿದರು. ಹಣೆಯ ಬೆವರನ್ನು ಕರವಸ್ತ್ರದಿಂದ ಒರೆಸಿಕೊಂಡು ಸರ್ ಕಡೆಗೂ ಅಂದರು.

“ಕಾಜಲ್ ಬರೆದ ಅಂಕಿ ಎಲ್ಲಾ ಖರೆ. ಸುಳ್ಳು ಹೇಳಿದಾಕಿ ಕಾಜಲ್ ಅಲ್ಲ.”

ಅಷ್ಟು ಹೇಳಿ ಅವರು ವೇದಿಕೆ ಇಳಿಯಲು ತಿರುಗಿದರು. ಆಗ ಎರಡನೆಯ ಸಾಲಿನಲ್ಲಿ ನಾಜಿಯಾ ಎದ್ದು ನಿಂತಳು. ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳುವ ಹುಡುಗಿಯ ಹಾಗೆಯೇ, ಕೈ ಎತ್ತಿ, ಮರ್ಯಾದೆಯಿಂದ ಕೇಳಿದಳು.

“ಮತ್ತ ಯಾರು ಸರ್?”

ಸರ್ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತರು. ಹಾಲ್‌ನಲ್ಲಿ ಯಾರೂ ಏಳಲಿಲ್ಲ. ಶಂಕ್ರವ್ವ ಸೆರಗು ಸರಿಮಾಡಿಕೊಂಡು, ಉತ್ತರಕ್ಕೆ ಕಾದು ಕುಳಿತಳು. ಮೂಡಲಗಿಯ ಬಸ್ಸಿಗೆ ಇನ್ನೂ ಎರಡು ತಾಸಿತ್ತು.